ಮೇಲೆ ಗುಡಿಸು, ಕೆಳಗೆ ಒತ್ತು

ಕುಶಾಲನಗರದ ಬಸ್ ನಿಲ್ದಾಣದಲ್ಲಿ ನಿಂತು ನೋಡಿದರೆ ದೂರದ ಬಸ್ಸುಗಳ ಬೋರ್ಡುಗಳಲ್ಲಿ ಹೆಚ್ಚಿನವು ‘ಮ’ಕಾರದಿಂದಲೇ ಶುರುವಾಗುತ್ತವೆ. ಮಡಿಕೇರಿ, ಮೈಸೂರು, ಮಂಗಳೂರು. ಓದು ಬಂದವರ ಗಮನಕ್ಕೆ ಇದು ಬೀಳುವುದೇ ಇಲ್ಲ. ನನಗೂ ಬಿದ್ದಿರಲಿಲ್ಲ. ಒಂದು ಶನಿವಾರ ನನ್ನ ಅಮ್ಮ ಕನ್ನಡಕ ಮರೆತು ಸಂತೆಗೆ ಹೋಗಿದ್ದರು, ಜೊತೆಗೆ ಮೂರನೆಯ ತರಗತಿಯಲ್ಲಿದ್ದ ನನ್ನ ಮಗ. ನಮ್ಮ ಸುಂಟಿಕೊಪ್ಪ ಇರುವುದು ಮಡಿಕೇರಿಯ ದಾರಿಯಲ್ಲಿ. ಹಿಂತಿರುಗುವಾಗ ‘ಬೋರ್ಡು ಓದು’ ಎಂದು ಮೊಮ್ಮಗನಿಗೆ ಹೇಳಿದ್ದಾರೆ. ಅವನು ಮೊದಲ ಅಕ್ಷರ ನೋಡಿ ‘ಮಡಿಕೇರಿ’ ಎಂದಿದ್ದಾನೆ. ಬಸ್ಸು ಕಾವೇರಿ ಸೇತುವೆ ದಾಟಿದ ಮೇಲೆ ಕಂಡಕ್ಟರ್ ಬಂದು ಟಿಕೆಟ್ ಕೇಳಿದಾಗಲೇ ಅದು ಮೈಸೂರಿನ ಬಸ್ಸೆಂದು ತಿಳಿದದ್ದು. ಆಚೆ ದಡದ ಕೊಪ್ಪದಲ್ಲಿ ಇಳಿಸಿ ಹೋದರಂತೆ.

‘ಸುಂಟಿಕೊಪ್ಪಕ್ಕೆ ಹೊರಟವರು ಕೊಪ್ಪದಲ್ಲಿ ಇಳಿದೆವು. ಅರ್ಧ ಊರಾದರೂ ಸಿಕ್ಕಿತಲ್ಲ’ ಎಂದು ಅಮ್ಮ ಮನೆಗೆ ಬಂದು ನಕ್ಕರು. ನಾನೂ ನಕ್ಕೆ. ಮಗ ನಗಲಿಲ್ಲ. ಅಂದು ರಾತ್ರಿ ಊಟಕ್ಕೂ ಏಳಲಿಲ್ಲ.

ನಾನು ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್. ತೋಟದ ಲೆಕ್ಕ ಬರೆಯುವವನನ್ನು ಇಲ್ಲಿ ಹಾಗೆಯೇ ಕರೆಯುತ್ತಾರೆ. ಚೆಕ್‌ರೋಲ್ ಎಂಬ ಆಳುಗಳ ಹಾಜರಿ ಪಟ್ಟಿ, ಕೊಯ್ಲಿನ ತೂಕ, ಗೊಬ್ಬರದ ಮೂಟೆ, ವಾರದ ಬಟವಾಡೆ, ಎಲ್ಲವೂ ನನ್ನ ಕೈಬರಹದಲ್ಲೇ ಇರುತ್ತವೆ. ಅಕ್ಷರ ದುಂಡಗಿದೆ ಎಂದು ಸಾಹುಕಾರರು ಬಂದವರಿಗೆಲ್ಲ ತೋರಿಸುತ್ತಿದ್ದರು. ರೈಟರನ ಮಗನಿಗೆ ಬರೆಯಲು ಬರುವುದಿಲ್ಲ ಎಂದರೆ ನನ್ನ ಮರ್ಯಾದೆಯ ಪ್ರಶ್ನೆ ಎಂದೇ ಆಗ ನನಗೆ ಅನ್ನಿಸಿತ್ತು. ಮಗನಿಗೆ ಏನನ್ನಿಸುತ್ತಿದೆ ಎಂಬ ಯೋಚನೆ ಬಂದದ್ದು ಬಹಳ ತಡವಾಗಿ.

ಮಾತಿನಲ್ಲಿ ಅವನು ಚುರುಕು. ಮನೆಯಲ್ಲಿ ಕನ್ನಡ, ತೋಟದ ಆಳುಗಳ ಸಾಲುಮನೆಯ, ಎಂದರೆ ಲೈನ್ ಮನೆಯ ಮಕ್ಕಳೊಂದಿಗೆ ತಮಿಳು, ಸಾಹುಕಾರರ ಮನೆಯ ಅಜ್ಜಿಯೊಂದಿಗೆ ಮುರುಕು ಕೊಡವ ತಕ್ಕ್. ಯಾವ ಮರದಲ್ಲಿ ಯಾವ ಹಕ್ಕಿ ಗೂಡು ಕಟ್ಟಿದೆ, ಆನೆ ಯಾವ ದಾರಿಯಲ್ಲಿ ಬಂದು ಯಾವ ಬೇಲಿ ಮುರಿದಿದೆ ಎಂಬುದನ್ನು ದೊಡ್ಡವರಿಗಿಂತ ಮೊದಲು ಹೇಳುತ್ತಾನೆ. ಎರಡನೆಯ ತರಗತಿಯವರೆಗೆ ಪಾಠವನ್ನೂ ಗಡಗಡನೆ ‘ಓದುತ್ತಿದ್ದ’. ಒಂದು ಸಂಜೆ ಅವನ ಬೆರಳು ಒಂದು ಸಾಲಿನಲ್ಲಿ, ಬಾಯಿ ಇನ್ನೊಂದು ಸಾಲಿನಲ್ಲಿ ಇದ್ದದ್ದು ಕಣ್ಣಿಗೆ ಬಿತ್ತು. ಪುಟ ಮುಚ್ಚಿದೆ. ಬಾಯಿ ನಿಲ್ಲಲಿಲ್ಲ. ತರಗತಿಯಲ್ಲಿ ಬೇರೆ ಮಕ್ಕಳು ಓದುವುದನ್ನು ಕೇಳಿ ಕೇಳಿ ಇಡೀ ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡಿದ್ದ. ಅಷ್ಟು ನೆನಪಿನ ಶಕ್ತಿ ಇರುವವನಿಗೆ ಅಕ್ಷರ ಏಕೆ ನಿಲ್ಲುವುದಿಲ್ಲ ಎಂದು ನಾನು ಕೇಳಿಕೊಳ್ಳಬೇಕಿತ್ತು. ಬದಲಿಗೆ ‘ನಾಟಕ ಆಡುತ್ತೀಯಾ’ ಎಂದು ಬೈದೆ.

ಮೂರನೆಯ ತರಗತಿಯಲ್ಲಿ ಪಾಠಗಳು ಉದ್ದವಾದವು, ಬಾಯಿಪಾಠದ ಬಲ ಸಾಲದಾಯಿತು. ‘ಅಕ್ಕಿ’ಯನ್ನು ಅವನು ‘ಅಕಿಕ’ ಎಂದು ಓದುತ್ತಿದ್ದ. ‘ಹಕ್ಕಿ’ ‘ಹಕಿಕ’ ಆಯಿತು. ‘ಪ’ ಮತ್ತು ‘ವ’ ಅದಲುಬದಲಾಗುತ್ತಿದ್ದವು, ‘ದ’ ‘ಥ’ ‘ಧ’ ಮೂರೂ ಒಂದೇ ಅಕ್ಷರವಾಗಿದ್ದವು. ತಪ್ಪಿದ ಪ್ರತಿ ಪದವನ್ನು ಇಪ್ಪತ್ತು ಸಲ ಬರೆಸುವ ಶಿಕ್ಷೆಯನ್ನು ಶಾಲೆಯೂ ಕೊಟ್ಟಿತು, ನಾನೂ ಕೊಟ್ಟೆ. ಹತ್ತನೆಯ ಸಲಕ್ಕೆ ಪದ ಬೇರೆಯೇ ಆಗಿರುತ್ತಿತ್ತು. ತಪ್ಪನ್ನೇ ಹತ್ತು ಸಲ ತಿದ್ದಿ ಗಟ್ಟಿ ಮಾಡಿಸುತ್ತಿದ್ದೇವೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅಮ್ಮ ಗದ್ದೆಯ ಬದುವಿನಿಂದ ಒಂದೆಲಗ ತಂದು ದಿನವೂ ಚಟ್ನಿ ಅರೆದರು. ಚಟ್ನಿ ಚೆನ್ನಾಗಿತ್ತು, ಅದರ ಬಗ್ಗೆ ದೂರಿಲ್ಲ. ಕಣ್ಣಿನ ಪರೀಕ್ಷೆ ಮಾಡಿಸಿದೆವು, ದೋಷವಿರಲಿಲ್ಲ. ಬಣ್ಣದ ಗಾಜಿನ ಕನ್ನಡಕ ಹಾಕಿಸಿದರೆ ಅಕ್ಷರಗಳು ಅಲುಗಾಡುವುದು ನಿಲ್ಲುತ್ತದೆ ಎಂದು ಒಬ್ಬರು ಸಾವಿರಾರು ರೂಪಾಯಿ ಹೇಳಿದರು. ಕೊಯ್ಲಿನ ಬೋನಸ್ ಬಂದಿರಲಿಲ್ಲ, ಅದರಿಂದ ಬಚಾವಾದೆ. ಬಣ್ಣದ ಗಾಜು ಓದು ಕಲಿಸುತ್ತದೆ ಎಂಬುದಕ್ಕೆ ನಂಬುವಂಥ ಪುರಾವೆ ಇಲ್ಲವೆಂದು ಆಮೇಲೆ ತಿಳಿಯಿತು.

ಬುದ್ಧಿ ಚುರುಕಿದ್ದರೂ ಓದು ಬರಹ ಹತ್ತದ ತೊಂದರೆಗೆ ಇರುವ ಡಿಸ್ಲೆಕ್ಸಿಯಾ ಎಂಬ ಪದವನ್ನು ಮೊದಲು ಹೇಳಿದ್ದು ಶಾಲೆಗೆ ಹೊಸದಾಗಿ ಬಂದಿದ್ದ ಒಬ್ಬ ಟೀಚರ್. ಬಿಎಡ್‌ನಲ್ಲಿ ಓದಿದ್ದರಂತೆ. ‘ಸರ್, ಇವನು ಸೋಮಾರಿಯಲ್ಲ. ಒಮ್ಮೆ ಮೈಸೂರಿಗೆ ಕರೆದುಕೊಂಡು ಹೋಗಿ’ ಎಂದು ಗೇಟಿನ ಬಳಿ ಮೆಲ್ಲಗೆ ಹೇಳಿದರು. ಮುಖ್ಯಸ್ಥರಿಗೆ ಕೇಳಿಸಬಾರದು ಎಂಬಂತೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಮಾತು ಬಾರದ, ಕಿವಿ ಕೇಳಿಸದ ಮಕ್ಕಳ ಆಸ್ಪತ್ರೆ ಎಂದಷ್ಟೇ ಅದರ ಬಗ್ಗೆ ನನಗೆ ಗೊತ್ತಿತ್ತು. ಓದಿಗೂ ಕಿವಿಗೂ ಏನು ಸಂಬಂಧ ಎಂದು ಬಸ್ಸಿನಲ್ಲಿ ಹುಣಸೂರಿನವರೆಗೂ ಹೆಂಡತಿಯ ಹತ್ತಿರ ವಾದಿಸಿದ್ದೆ. ಸಂಬಂಧವೆಲ್ಲ ಅಲ್ಲಿಯೇ ಇತ್ತು. ಮೊದಲು ಶ್ರವಣ ಪರೀಕ್ಷೆ, ಆಮೇಲೆ ಬುದ್ಧಿಮಟ್ಟದ ಪರೀಕ್ಷೆ, ಆಮೇಲೆ ಓದು, ಬರಹ, ಲೆಕ್ಕ. ಒಂದೇ ದಿನದಲ್ಲಿ ಮುಗಿಯಲಿಲ್ಲ, ಮತ್ತೆ ಹೋಗಬೇಕಾಯಿತು.

ನನ್ನ ಮನಸ್ಸಿನಲ್ಲಿ ಉಳಿದದ್ದು ಪುಸ್ತಕವೇ ಇಲ್ಲದ ಒಂದು ಪರೀಕ್ಷೆ. ‘ಕಮಲ ಎನ್ನು. ಈಗ ಅದರಲ್ಲಿ ಮ ಬಿಟ್ಟು ಹೇಳು’ ಎಂದರು ಪರೀಕ್ಷೆ ಮಾಡುತ್ತಿದ್ದ ಮೇಡಂ. ಬಹಳ ಹೊತ್ತು ಮೇಲೆ ನೋಡಿ ‘ಕಲ’ ಎಂದ. ಸರಿಯಾಗಿತ್ತು, ಆದರೆ ಅವನ ವಯಸ್ಸಿನ ಮಗು ಅಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲವಂತೆ. ಅದಕ್ಕಿಂತ ಸಣ್ಣದಾಗಿ, ‘ಕಿ’ಯಲ್ಲಿ ಯಾವ ಯಾವ ಎರಡು ಧ್ವನಿಗಳಿವೆ ಎಂದು ಕೇಳಿದರೆ ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಪರಿಚಿತ ಚಿತ್ರಗಳ ಸಾಲು ತೋರಿಸಿ ಬೇಗ ಬೇಗ ಹೆಸರು ಹೇಳಿಸಿದರು. ಕೊಡೆ, ಹಸು, ಮನೆ, ಎಲ್ಲವೂ ಗೊತ್ತು, ಬಾಯಿಗೆ ಬರುವುದು ನಿಧಾನ. ಬುದ್ಧಿಮಟ್ಟದಲ್ಲಿ ಯಾವ ಕೊರತೆಯೂ ಇರಲಿಲ್ಲ.

ಅವರು ನನಗೆ ವಿವರಿಸಿದ್ದು ಹೀಗೆ: ಮಾತು ಮನುಷ್ಯನಿಗೆ ತಾನಾಗಿ ಬರುತ್ತದೆ, ಓದು ಬರುವುದಿಲ್ಲ. ಓದಬೇಕಾದರೆ ಆಡಿದ ಮಾತನ್ನು ಚೂರು ಮಾಡಿ ಪ್ರತಿ ಚೂರಿಗೂ ಒಂದು ಗುರುತನ್ನು ಕಟ್ಟಬೇಕು. ಹೆಚ್ಚಿನ ಮಕ್ಕಳು ಈ ಚೂರುಗಳನ್ನು ತಾವೇ ಹೆಕ್ಕಿಕೊಳ್ಳುತ್ತಾರೆ. ಕೆಲವರಿಗೆ ಇಡೀ ಪದ ಒಂದೇ ಮುದ್ದೆಯಾಗಿ ಕೇಳಿಸುತ್ತದೆ. ಅವರಿಗೆ ಚೂರು ಮಾಡುವುದನ್ನು ಕೈ ಹಿಡಿದು ಕಲಿಸಬೇಕು. ಕಣ್ಣಿನ ತೊಂದರೆಯಲ್ಲ, ಬುದ್ಧಿಯ ತೊಂದರೆಯಲ್ಲ. 1887ರಲ್ಲಿ ಡಿಸ್ಲೆಕ್ಸಿಯಾ ಎಂಬ ಪದವನ್ನು ಹುಟ್ಟಿಸಿದ ಜರ್ಮನಿಯ ರುಡಾಲ್ಫ್ ಬರ್ಲಿನ್ ಕಣ್ಣಿನ ವೈದ್ಯರಾಗಿದ್ದರು ಎಂದು ಓದಿದಾಗ, ಕಣ್ಣಿನ ಡಾಕ್ಟರ ಬಾಗಿಲು ತಟ್ಟಿದವನು ನಾನೊಬ್ಬನೇ ಅಲ್ಲ ಎಂದು ಸ್ವಲ್ಪ ಸಮಾಧಾನವಾಯಿತು. ಅದಾದ ಒಂಬತ್ತು ವರ್ಷಕ್ಕೆ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು ಹದಿನಾಲ್ಕು ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದರು. ಲೆಕ್ಕದಲ್ಲಿ ಚುರುಕು, ಆಟದಲ್ಲಿ ಚುರುಕು, ಓದಲು ಮಾತ್ರ ಆಗದು. ಆ ವರದಿಯ ಹುಡುಗ ನಮ್ಮ ಮನೆಯಲ್ಲೇ ಇದ್ದ.

ವರದಿ ಕೈಗೆ ಕೊಟ್ಟು ಮೇಡಂ ಹೇಳಿದ ಮಾತು ನನಗೆ ಹಿಡಿಸಲಿಲ್ಲ. ‘ದಿನಕ್ಕೆ ಇಪ್ಪತ್ತೇ ನಿಮಿಷ. ಆದರೆ ದಿನವೂ. ಎರಡು ವರ್ಷ ಎಂದುಕೊಳ್ಳಿ.’ ಎರಡು ತಿಂಗಳು ಎನ್ನುತ್ತಾರೆ ಎಂದು ಎಣಿಸಿದ್ದೆ. ಮತ್ತೊಂದು ಷರತ್ತು: ಗೊತ್ತಿಲ್ಲದ ಅಕ್ಷರ ಇರುವ ಯಾವ ಪದವನ್ನೂ ಅವನಿಂದ ಓದಿಸಬಾರದು, ಊಹಿಸಲು ಬಿಡಬಾರದು.

ಮೊದಲು ನಾನು ಬಿಡಬೇಕಾದದ್ದು ಅ ಆ ಇ ಈ ಎಂಬ ವರ್ಣಮಾಲೆಯ ಕ್ರಮವನ್ನು. ಅಲ್ಲಿಂದ ಬರೆದುಕೊಟ್ಟ ಪಟ್ಟಿ ರ, ಗ, ಸ, ದ, ಅ ಎಂದು ಶುರುವಾಗಿತ್ತು. ಮನೆಗೆ ಬಂದು ಹೆಂಡತಿಗೆ ತೋರಿಸಿದರೆ, ಲೈನ್ ಮನೆಯ ಹುಡುಗಿಯೊಬ್ಬಳು ‘ಅಣ್ಣಾ, ಇದು ನಮ್ಮ ನಲಿ ಕಲಿ’ ಎಂದಳು. ಅವಳು ಸರ್ಕಾರಿ ಶಾಲೆಯ ಎರಡನೆಯ ತರಗತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ ಕಲಿ ಎಂಬ ಕಲಿಕೆಯ ಪದ್ಧತಿಯಲ್ಲಿ ಅಕ್ಷರಗಳನ್ನು ಬರೆಯುವ ಸುಲಭ, ಬಳಕೆ ನೋಡಿ ಗುಂಪು ಮಾಡಿದ್ದಾರೆ. ಸಾಲ ಮಾಡಿ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದ ನನ್ನ ಮಗನಿಗೆ ಬೇಕಾದದ್ದು ಲೈನ್ ಮನೆಯ ಹುಡುಗಿಗೆ ಪುಕ್ಕಟೆಯಾಗಿ ಸಿಗುತ್ತಿತ್ತು.

ಐದೇ ಅಕ್ಷರದಲ್ಲಿ ಏನು ಓದಿಸುವುದು ಎಂದು ತಲೆ ಕೆರೆದುಕೊಂಡು ಒಂದು ರಾತ್ರಿ ಪದ ಕೂಡಿಸುತ್ತಾ ಕುಳಿತೆ. ಸರ, ದರ, ರಸ, ಅಗಸ, ಅರಸ. ಕೊನೆಗೆ ‘ಅರಸರ ಸರದ ದರ’ ಎಂಬ ವಾಕ್ಯ ಸಿಕ್ಕಿತು. ಮರುದಿನ ಅವನು ಅದನ್ನು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿ ಮುಗಿಸಿ ‘ಎಷ್ಟು?’ ಎಂದ. ನನಗೆ ಅರ್ಥವಾಗಲಿಲ್ಲ. ‘ದರ ಎಷ್ಟು ಅಂತ ಬರೆದಿಲ್ಲವಲ್ಲಪ್ಪಾ.’ ನೆನಪಿನಿಂದಲ್ಲದೆ, ಊಹೆಯಿಂದಲ್ಲದೆ ಅವನು ಓದಿದ ಮೊದಲ ವಾಕ್ಯ ಅದು, ಅವನಿಗೆ ಎಂಟೂವರೆ ವರ್ಷ.

ಅಕ್ಷರ ತಿದ್ದಿಸಲು ಊಟದ ತಟ್ಟೆಯಲ್ಲಿ ಅಕ್ಕಿ ಹರಡಿ ಕೊಡಿ ಎಂದಿದ್ದರು. ಬೆರಳಿನಿಂದ ಬರೆಯಬೇಕು, ಬರೆಯುವಾಗ ಬಾಯಲ್ಲಿ ಅದರ ಧ್ವನಿ ಹೇಳಬೇಕು. ಕಣ್ಣು, ಕಿವಿ, ಬಾಯಿ, ಕೈ ನಾಲ್ಕೂ ಒಟ್ಟಿಗೆ ದುಡಿಯಬೇಕು. ಈ ಪದ್ಧತಿಗೆ ಆರ್ಟನ್-ಗಿಲ್ಲಿಂಗ್‌ಹ್ಯಾಮ್ ಎಂದು ಹೆಸರು. ಅಮೆರಿಕದ ನರರೋಗ ತಜ್ಞ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಕಿ ಆ್ಯನಾ ಗಿಲ್ಲಿಂಗ್‌ಹ್ಯಾಮ್ 1930ರ ದಶಕದಲ್ಲಿ ಇದನ್ನು ಕಟ್ಟಿದರು. ಅಮ್ಮ ತಟ್ಟೆ ನೋಡಿ, ‘ಅಕ್ಷರಾಭ್ಯಾಸದ ದಿನವೂ ಇದನ್ನೇ ಅಲ್ಲವೇ ಮಾಡಿಸಿದ್ದು? ಇದಕ್ಕೆ ಮೈಸೂರಿಗೆ ಹೋಗಬೇಕಿತ್ತೇ?’ ಎಂದರು. ನನ್ನ ಅಜ್ಜ ಕೂಲಿಮಠದಲ್ಲಿ ಮರಳಿನ ಮೇಲೆ ತಿದ್ದಿ ಕಲಿತವರು. ನಾವು ಅಕ್ಕಿಯ ಮೇಲೆ ಒಂದು ದಿನ ಬರೆಸಿ, ಪುರೋಹಿತರಿಗೆ ದಕ್ಷಿಣೆ ಕೊಟ್ಟು, ಅಕ್ಕಿಯನ್ನು ಪಾಯಸಕ್ಕೆ ಹಾಕಿಬಿಡುತ್ತೇವೆ.

ಆದರೆ ಅಕ್ಕಿಯ ತಟ್ಟೆಯಲ್ಲಿ ಮಾಯೆ ಇದೆ ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಆರ್ಟನ್-ಗಿಲ್ಲಿಂಗ್‌ಹ್ಯಾಮ್ ಪದ್ಧತಿಯ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ 2021ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಬೇರೆ ಬಗೆಯ ಪಾಠಕ್ಕಿಂತ ಇದು ಮೇಲು ಎಂದು ಖಚಿತವಾಗಿ ಹೇಳುವಷ್ಟು ಆಧಾರ ಸಿಗಲಿಲ್ಲ ಎಂದಿದೆ. ಧ್ವನಿಗೂ ಅಕ್ಷರಕ್ಕೂ ಇರುವ ನಂಟನ್ನು ಕ್ರಮವಾಗಿ, ಬಿಡಿಸಿ, ಒಂದರ ಮೇಲೊಂದಾಗಿ ಕಲಿಸುವುದು ಕೆಲಸ ಮಾಡುತ್ತದೆ ಎಂಬುದಕ್ಕೆ ಮಾತ್ರ ಪುರಾವೆ ಗಟ್ಟಿಯಾಗಿದೆ. ನಮ್ಮ ಮನೆಯಲ್ಲಿ ತಟ್ಟೆ ಮಾಡಿದ ಉಪಕಾರ ಬೇರೆಯೇ. ಪೆನ್ಸಿಲ್ ನೋಡಿದರೆ ಹೊಟ್ಟೆ ನೋವು ಎನ್ನುತ್ತಿದ್ದವನು ಅಕ್ಕಿ ನೋಡಿದರೆ ಬಂದು ಕೂರುತ್ತಿದ್ದ. ತಪ್ಪಿದರೆ ಅಲ್ಲಾಡಿಸಿದರಾಯಿತು, ಕೆಂಪು ಶಾಯಿಯ ಗುರುತು ಉಳಿಯುವುದಿಲ್ಲ.

ಧ್ವನಿ ಎಣಿಸಲು ಕಾಫಿ ಬೀಜ ಬಳಸಿದೆವು. ಕಾಗದದ ಮೇಲೆ ಸಾಲಾಗಿ ಚೌಕ ಎಳೆದು, ಪದ ಹೇಳುತ್ತಾ ಒಂದೊಂದು ಧ್ವನಿಗೆ ಒಂದೊಂದು ಬೀಜವನ್ನು ಚೌಕಕ್ಕೆ ತಳ್ಳುವುದು. ರಷ್ಯಾದ ಮನೋವಿಜ್ಞಾನಿ ಎಲ್ಕೋನಿನ್ ಬಳಕೆಗೆ ತಂದ ಉಪಾಯವಂತೆ. ಅವರು ಬಿಲ್ಲೆ ಬಳಸಿದರು, ನಮ್ಮಲ್ಲಿ ರೊಬಸ್ಟಾಕ್ಕೆ ಬರವೇ? ಇಂಗ್ಲಿಷಿಗೆ ಇದು ತುಂಬಾ ಉಪಯೋಗಕ್ಕೆ ಬಂತು. ‘ಶಿಪ್’ ಎಂಬ ಪದಕ್ಕೆ ಅಕ್ಷರ ನಾಲ್ಕು, ಬೀಜ ಮೂರೇ. ಶ್, ಇ, ಪ್.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಇಂಗ್ಲಿಷ್ ಕಲಿಸುವಾಗ ನಾನು ‘ಕ, ಆ್ಯ, ಟ, ಕ್ಯಾಟ್’ ಎಂದು ಹೇಳಿಕೊಡುತ್ತಿದ್ದೆ. ಮಗ ‘ಕಆ್ಯಟ’ ಎಂದು ಕೂಡಿಸಿ ನನ್ನ ಮುಖ ನೋಡುತ್ತಿದ್ದ. ವಿಡಿಯೊ ಕರೆಯಲ್ಲಿ ಮೇಡಂ ಕೇಳಿಸಿಕೊಂಡು, ‘ಸರ್, ತಪ್ಪು ನಿಮ್ಮದು. ಅರ್ಧಾಕ್ಷರ ಹೇಳಿ. ಕ ಅಲ್ಲ, ಕ್’ ಎಂದರು. ಕನ್ನಡದ ಅಕ್ಷರದ ಹೊಟ್ಟೆಯಲ್ಲಿ ಯಾವಾಗಲೂ ಒಂದು ‘ಅ’ ಇರುತ್ತದೆ. ನಲವತ್ತು ವರ್ಷ ಅದನ್ನೇ ಹೇಳಿದ ನನ್ನ ನಾಲಿಗೆಗೆ ‘ಕ್’ ಎಂದು ಒಂಟಿಯಾಗಿ ಹೇಳುವುದು ಕಷ್ಟವಾಯಿತು. ವ್ಯಾಕರಣದಲ್ಲಿ ಕ್ ಖ್ ಗ್ ಎಂದೇ ಬರೆಯುತ್ತೇವೆ, ಓದುವಾಗ ಕ ಖ ಗ ಎನ್ನುತ್ತೇವೆ. ವಾರಗಟ್ಟಲೆ ತೋಟದಲ್ಲಿ ನಡೆಯುತ್ತಾ ಬ್, ಡ್, ಗ್ ಎಂದು ಅಭ್ಯಾಸ ಮಾಡಿದೆ. ಮರಗಸಿ ಮಾಡುತ್ತಾ ನೆರಳು ಮರಗಳ ಕೊಂಬೆ ಕಡಿಯುತ್ತಿದ್ದ ಆಳುಗಳು ರೈಟರಿಗೆ ಬಿಕ್ಕಳಿಕೆ ಎಂದುಕೊಂಡರು.

ಆ ಕರೆಗಳಿಗೂ ಕಾಫಿ ಕಣದ ಮೂಲೆಗೇ ಹೋಗಬೇಕಿತ್ತು. ತೋಟದಲ್ಲಿ ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ. ಮಳೆಗಾಲದಲ್ಲಿ ಅದೂ ಇಲ್ಲ.

ಕಾಗುಣಿತಕ್ಕೆ ಬಂದಾಗ ಇನ್ನೊಂದು ಗುಟ್ಟು ಬಯಲಾಯಿತು. ‘ಕ ಕಾ ಕಿ ಕೀ’ ಅವನಿಗೆ ಹಾಡಿನಂತೆ ಬರುತ್ತಿತ್ತು. ನಡುವಿನಿಂದ ‘ಕೇ’ ತೋರಿಸು ಎಂದರೆ ಮೊದಲಿನಿಂದ ಹಾಡಿಕೊಂಡೇ ಬರಬೇಕಿತ್ತು. ಆದ್ದರಿಂದ ಉದ್ದಕ್ಕೆ ಹೇಳಿಸುವುದನ್ನು ಬಿಟ್ಟು ಅಡ್ಡಕ್ಕೆ ಹೇಳಿಸಿದೆವು. ಒಂದು ವಾರ ಗುಡಿಸು ಮಾತ್ರ: ರಿ, ಗಿ, ಸಿ, ದಿ. ಮುಂದಿನ ವಾರ ಕೊಂಬು ಮಾತ್ರ: ರು, ಗು, ಸು, ದು. ಹಾಡು ಕಟ್ಟಲು ಆಗದಂತೆ ಚೀಟಿ ಕಲಸಿ ಕೊಡುತ್ತಿದ್ದೆ. ಗುಡಿಸು ಎಲ್ಲಿ ಕೂತರೂ ‘ಇ’ ಎನ್ನುತ್ತದೆ ಎಂದು ಅವನಿಗೆ ಹೊಳೆದ ದಿನ, ಮೈಸೂರಿನಲ್ಲಿ ಉತ್ತರಿಸಲಾಗದ ಪ್ರಶ್ನೆಗೆ ಉತ್ತರ ತಾನಾಗಿ ಬಂತು. ‘ಕಿ’ಯಲ್ಲಿ ಎರಡು ಧ್ವನಿ.

ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಕಲಿತರೆ ಗುರುತುಗಳ ಲೆಕ್ಕ ಮುಗಿಯಿತು, ಗೋಜಲೆಲ್ಲ ಉಚ್ಚಾರದಲ್ಲಿದೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಆದರೆ 49 ವರ್ಣಗಳು ಕಾಗುಣಿತ, ಒತ್ತು ಸೇರಿ ನೂರಾರು ರೂಪ ತಾಳುತ್ತವೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾವ ತೊಂದರೆಯೂ ಇಲ್ಲದ ಮಕ್ಕಳಿಗೂ ಅಕ್ಷರಗಳೆಲ್ಲ ಕೈಗೆ ಹತ್ತಲು ನಾಲ್ಕನೆಯ ತರಗತಿಯವರೆಗೆ ಬೇಕಾಗುತ್ತದೆ. ‘ಕನ್ನಡ ಸುಲಭ, ಒಂದನೆಯ ತರಗತಿಯಲ್ಲೇ ಮುಗಿಯಬೇಕು’ ಎನ್ನುವವರು ತಾವು ಕಲಿತ ಕಷ್ಟವನ್ನು ಮರೆತವರು. ಇಂಗ್ಲಿಷಿಗಾಗಿ ಮಾಡಿದ ಪಾಠವನ್ನು ಹಾಗೆಯೇ ಕನ್ನಡಕ್ಕೆ ಹೊಂದಿಸಲಾಗದು ಎಂಬುದು ನನಗೆ ಪೂರ್ತಿ ಮನದಟ್ಟಾದದ್ದು ಒತ್ತಕ್ಷರದ ಹತ್ತಿರ.

‘ಅಕ್ಕಿ’ಯನ್ನು ಒಮ್ಮೆ ಹೊಸಬರ ಕಣ್ಣಿನಿಂದ ನೋಡಿ. ಗುಡಿಸು ಮೇಲಿನ ಅಕ್ಷರಕ್ಕೆ ಅಂಟಿಕೊಂಡಿದೆ, ಅದರ ಧ್ವನಿ ಸೇರಬೇಕಾದದ್ದು ಕೆಳಗಿನ ಒತ್ತಿಗೆ. ಕಂಡದ್ದನ್ನು ಕಂಡ ಕ್ರಮದಲ್ಲಿ ಓದಿದರೆ ‘ಅಕಿಕ’ ಎಂದೇ ಆಗುತ್ತದೆ. ನನ್ನ ಮಗ ತಪ್ಪು ಓದುತ್ತಿರಲಿಲ್ಲ, ಬರೆದದ್ದನ್ನು ಬರೆದ ಕ್ರಮದಲ್ಲೇ ಓದುತ್ತಿದ್ದ. ಇದು ತಿಳಿದ ರಾತ್ರಿ, ಇಪ್ಪತ್ತು ಸಲ ಬರೆಸಿದ್ದ ಹಳೆಯ ಪುಸ್ತಕ ತೆಗೆದು ನೋಡಿದೆ. ಪುಟದ ತುಂಬ ಅಕ್ಕಿ. ಅಂಚಿನಲ್ಲಿ ನನ್ನದೇ ದುಂಡು ಅಕ್ಷರದಲ್ಲಿ ‘ಗಮನ ಎಲ್ಲಿದೆ?’

ಒತ್ತನ್ನು ಬಿಡಿಸಿ ಕಲಿಸಿದೆವು. ಮೊದಲು ಒತ್ತು ಇಲ್ಲದೆ ಅಡ್ಡಕ್ಕೆ: ಅ, ಕ್, ಕಿ ಎಂಬ ಮೂರು ಚೀಟಿ. ಅವನು ಕೂಡಿಸಿ ‘ಅಕ್‌ಕಿ’ ಎಂದು ಓದುತ್ತಿದ್ದ. ನಾಲ್ಕು ದಿನ ಕಳೆದ ಮೇಲೆ ಮೂರನೆಯ ಚೀಟಿಯನ್ನು ಎರಡನೆಯದರ ಕೆಳಗೆ ಸರಿಸಿ, ‘ಜಾಗ ಇಲ್ಲದೆ ಇವನು ಕೆಳಗೆ ಕುಳಿತ, ತಲೆಯ ಮೇಲಿನ ಗುಡಿಸನ್ನು ಮೇಲಿನವನ ಕೈಗೆ ಕೊಟ್ಟ’ ಎಂದು ಹೇಳಿದೆ. ಕೆಳಗಿನವನ ಬಣ್ಣ ಕೆಂಪು, ಗುಡಿಸಿನ ಬಣ್ಣವೂ ಕೆಂಪು. ಕೆಂಪು ಕೆಂಪಿಗೆ ಸೇರುತ್ತದೆ. ಸಜಾತಿ ಒತ್ತು ಬೇಗ ಬಂತು. ತ, ನ, ಮ, ಯ, ರ, ಲ ಈ ಆರು ಅಕ್ಷರಗಳ ಒತ್ತು ಮೂಲ ಅಕ್ಷರದಂತೆ ಇಲ್ಲವಲ್ಲ, ಅಲ್ಲಿ ಗಾಡಿ ಕೆಸರಿನಲ್ಲಿ ಹೂತಿತು. ಒಂದೊಂದಕ್ಕೆ ಎರಡೆರಡು ವಾರ.

ಓದಿಸಲು ನಮ್ಮ ಜಿಲ್ಲೆಯ ಊರುಗಳ ಹೆಸರನ್ನೇ ಪಾಠ ಮಾಡಿಕೊಂಡೆ. ನೋಡಿದರೆ ಕೊಡಗು, ಮಡಿಕೇರಿ, ಕಾವೇರಿ, ವಿರಾಜಪೇಟೆ, ಭಾಗಮಂಡಲ, ತಿತಿಮತಿ ಯಾವುದಕ್ಕೂ ಒತ್ತಿಲ್ಲ. ಕಾಫಿ, ಮಳೆ, ಆನೆ, ಮೆಣಸಿಗೂ ಇಲ್ಲ. ನಮ್ಮ ಜಿಲ್ಲೆಯನ್ನು ಯಾರೋ ಇಂಥ ಮಕ್ಕಳಿಗಾಗಿಯೇ ಮಾಡಿದಂತಿದೆ ಎಂದು ಹೆಂಡತಿ ಹೇಳಿದಳು. ಆಮೇಲೆ ಗೋಣಿಕೊಪ್ಪ, ಸುಂಟಿಕೊಪ್ಪ. ಕೊನೆಗೆ ಅಮ್ಮತ್ತಿ. ಎರಡು ಒತ್ತು, ಎರಡೂ ಮೂಲ ಅಕ್ಷರವನ್ನು ಹೋಲುವುದಿಲ್ಲ, ಮೇಲೆ ಗುಡಿಸು ಬೇರೆ. ‘ಅಮತಿ’ಯಿಂದ ‘ಅಮ್ಮತ್ತಿ’ಗೆ ಬರಲು ಒಂದು ತಿಂಗಳು ಹಿಡಿಯಿತು. ಸಿದ್ದಾಪುರ ರಸ್ತೆಯ ಮೈಲುಗಲ್ಲಿನ ಮುಂದೆ ಬೈಕ್ ನಿಲ್ಲಿಸಿ ಓದಿಸಿದ್ದೇನೆ, ಹಿಂದಿನಿಂದ ಬಂದ ಜೀಪಿನವರಿಂದ ಬೈಸಿಕೊಂಡಿದ್ದೇನೆ.

ಅರ್ಕಾವತ್ತಿಗೆ ಉಪಾಯ ಹೇಳಿದ್ದು ಅವನೇ. ‘ಸೂರ್ಯ’ದಲ್ಲಿ ‘ರ್’ ಬರೆಯುವುದು ಕೊನೆಯಲ್ಲಿ, ಓದುವುದು ಮೊದಲು. ‘ಇವನು ಕೊನೆಯಲ್ಲಿ ಬಸ್ ಹತ್ತಿ ಬಾಗಿಲಲ್ಲೇ ನಿಂತವನು ಅಪ್ಪ. ಅದಕ್ಕೇ ಮೊದಲು ಇಳಿಯುತ್ತಾನೆ.’ ಇದನ್ನು ಮೇಡಂಗೆ ಹೇಳಿದಾಗ ಬೇರೆ ಮಕ್ಕಳಿಗೂ ಹೇಳಿಕೊಡುತ್ತೇನೆ ಎಂದು ಬರೆದುಕೊಂಡರು. ಅಂದು ಅವನ ನಡಿಗೆಯೇ ಬೇರೆಯಾಗಿತ್ತು.

ಎಲ್ಲವೂ ಹೀಗೆ ಮೆಟ್ಟಿಲು ಹತ್ತಿದಂತೆ ಆಯಿತು ಎಂದುಕೊಳ್ಳಬೇಡಿ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕೊಯ್ಲು. ಕಣದಿಂದ ನಾನು ಮನೆಗೆ ಬರುವಾಗ ಅವನು ಮಲಗಿರುತ್ತಿದ್ದ. ಮೊದಲ ವರ್ಷ ಕೊಯ್ಲು ಮುಗಿದು ತಟ್ಟೆ ತೆಗೆದರೆ, ಕಲಿತ ಒತ್ತುಗಳಲ್ಲಿ ಅರ್ಧ ಹೋಗಿತ್ತು. ‘ದ’ ‘ಧ’ ಕೂಡ ಮತ್ತೆ ಕಲಸಿಕೊಂಡಿದ್ದವು. ಆ ರಾತ್ರಿ ನಾನು ಕೈ ಎತ್ತಲಿಲ್ಲ, ಆದರೆ ತಟ್ಟೆಯನ್ನು ಎತ್ತಿ ಕುಕ್ಕಿದೆ. ಅಕ್ಕಿ ಅಡುಗೆಮನೆಯ ತುಂಬ ಚೆಲ್ಲಿತು. ಅವನೂ ಹೆಂಡತಿಯೂ ಮಾತಾಡದೆ ಆರಿಸಿದರು. ಎರಡನೆಯ ವರ್ಷದ ಕೊಯ್ಲಿನಲ್ಲಿ ಪಾಠ ಹೆಂಡತಿಯ ಪಾಲಾಯಿತು. ನಿಜ ಹೇಳಬೇಕೆಂದರೆ ಅವಳು ನನಗಿಂತ ಒಳ್ಳೆಯ ಮೇಷ್ಟ್ರು. ಇಪ್ಪತ್ತು ನಿಮಿಷ ಎಂದರೆ ಇಪ್ಪತ್ತೇ ನಿಮಿಷ. ನಾನು ‘ಇನ್ನೊಂದೇ ಪದ’ ಎನ್ನುತ್ತಾ ನಲವತ್ತಕ್ಕೆ ಎಳೆಯುತ್ತಿದ್ದೆ.

ಜುಲೈ ತಿಂಗಳು ನಮಗೆ ವರವಾಗಿತ್ತು. ಮಳೆಗೆ ಶಾಲೆಗೆ ರಜೆ ಕೊಟ್ಟರೆ ಮಕ್ಕಳಿಗೆ ಹಬ್ಬ, ನಮ್ಮವನಿಗೆ ಬಿಡುಗಡೆ. ಕರೆಂಟು ಇಲ್ಲ, ಟಿವಿ ಇಲ್ಲ, ಒಲೆಯ ಮುಂದೆ ಹಲಸಿನ ಬೀಜ ಸುಡುತ್ತಾ ಚೀಟಿ ಆಟ. ಶಾಲೆಯಿಂದ ಬಂದ ದಿನ ಅವನ ತಲೆ ಬಳಲಿರುತ್ತದೆ. ಓದು ಅವನಿಗೆ ನಮಗಿಂತ ಹೆಚ್ಚಿನ ಕೂಲಿ ಕೇಳುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಆ ರಜೆಯಲ್ಲಿ.

ಶಾಲೆಯ ವಿಷಯ ಉದ್ದ ಮಾಡುವುದಿಲ್ಲ. ವರದಿ ತೋರಿಸಿದಾಗ ಮುಖ್ಯಸ್ಥರು, ‘ಎಲ್ಲರಿಗೂ ಒಂದೇ ನಿಯಮ. ಟ್ಯೂಷನ್ ಹಾಕಿಸಿ’ ಎಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. ಹೆಚ್ಚಿನ ಸಮಯ, ಬೇಕಾದರೆ ಬರೆಯಲು ಸಹಾಯಕ, ಇವೆಲ್ಲ ಯಾರೂ ಮಾಡುವ ದಯೆಯಲ್ಲ. 2018ರ ಮಾರ್ಗಸೂಚಿಯ ಪ್ರಕಾರ ಪ್ರಮಾಣಪತ್ರ ಎಂಟು ವರ್ಷ ತುಂಬಿದ ಮೇಲೆ ಸಿಗುತ್ತಿತ್ತು, ಹದಿನಾಲ್ಕಕ್ಕೂ ಹದಿನೆಂಟಕ್ಕೂ ಮತ್ತೆ ಪರೀಕ್ಷೆ ಇತ್ತು. ‘ಅಂಗವಿಕಲ’ ಎಂಬ ಪದಕ್ಕೆ ಅಮ್ಮ ಅತ್ತರು. ಬೇಡವೇ ಬೇಡ ಎಂದರು. ನಾನೂ ಒಂದು ವರ್ಷ ತಳ್ಳಿದೆ, ಆ ಒಂದು ವರ್ಷ ಅವನು ಮುಗಿಸಲಾಗದ ಉತ್ತರ ಪತ್ರಿಕೆಗಳನ್ನು ಕೊಟ್ಟು ಬಂದ. ಈಗ ಶಾಲೆ ಬದಲಾಗಿದೆ. ಇಲ್ಲಿ ವಿಜ್ಞಾನದ ಮೇಷ್ಟ್ರು ಅವನಿಂದ ಉತ್ತರವನ್ನು ಬಾಯಲ್ಲಿ ಹೇಳಿಸಿಕೊಂಡು ಅಂಕ ಕೊಡುತ್ತಾರೆ.

ಈಗ ಅವನು ಆರನೆಯ ತರಗತಿ. ಓದು ನಿಧಾನ, ನಿಧಾನವಾಗಿಯೇ ಉಳಿಯಬಹುದು ಎಂದಿದ್ದಾರೆ. ಊಹೆ ಮಾತ್ರ ನಿಂತಿದೆ. ಕಾಗುಣಿತದ ತಪ್ಪು ಪುಟಕ್ಕೆ ಹತ್ತಾದರೂ ಇರುತ್ತದೆ. ಪಾಠಗಳನ್ನು ಮೊಬೈಲ್‌ನಲ್ಲಿ ಕೇಳಿಸಿಕೊಳ್ಳುತ್ತಾನೆ, ಆಮೇಲೆ ಪುಸ್ತಕ ನೋಡುತ್ತಾನೆ. ಮೊನ್ನೆ ಬಟವಾಡೆಯ ದಿನ ಚೆಕ್‌ರೋಲ್ ಹಿಡಿದು ಆಳುಗಳ ಹೆಸರು ಕೂಗುತ್ತೇನೆ ಎಂದ. ಏಳನೆಯ ಹೆಸರಿನಲ್ಲಿ ತಡೆದು, ‘ಅಪ್ಪ, ಇದು ಯಾವ ಒತ್ತು? ನಿಮ್ಮ ಅಕ್ಷರ ಓದಲಿಕ್ಕೇ ಆಗುವುದಿಲ್ಲ’ ಎಂದ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು.

ಈ ವಾರ ಆಗಸ್ಟ್ 15ರ ಭಾಷಣದ ತಯಾರಿ. ಅವನೇ ಹೆಸರು ಕೊಟ್ಟು ಬಂದಿದ್ದಾನೆ, ನಾಲ್ಕೇ ಸಾಲು. ಮೊದಲ ಸಾಲಿನಲ್ಲೇ ‘ಸ್ವಾತಂತ್ರ್ಯ’ ಕುಳಿತಿದೆ. ಚೀಟಿಯಲ್ಲಿ ಬಿಡಿಸಿ ಇಟ್ಟೆ: ಸ್, ವಾ, ತಂ, ತ್, ರ್, ಯ. ಆರು ಚೀಟಿ, ಕೊನೆಯ ಮೂವರು ಒಂದೇ ಸೀಟಿನಲ್ಲಿ. ಬಹಳ ಹೊತ್ತು ಅವುಗಳನ್ನು ಮೇಲೆ ಕೆಳಗೆ ಸರಿಸಿ ನೋಡಿದ. ‘ಅಪ್ಪ, ಬಿಡುಗಡೆ ಎಂದು ಬರೆದರೆ ಆಗುವುದಿಲ್ಲವೇ? ಅದಕ್ಕೆ ಒಂದೂ ಒತ್ತಿಲ್ಲ’ ಎಂದ. ಎರಡು ಕಡೆ ‘ಬಿಡುಗಡೆ’ ಎಂದೇ ತಿದ್ದಿ ಕೊಟ್ಟೆ. ಮೂರನೆಯ ಕಡೆ, ‘ಸ್ವಾತಂತ್ರ್ಯ ದಿನಾಚರಣೆ’ ಎನ್ನುವಲ್ಲಿ, ಹಾಗೆಯೇ ಇದೆ. ಇಪ್ಪತ್ತು ನಿಮಿಷ ಆಗಿಹೋಗಿತ್ತು, ಹೆಂಡತಿ ತಟ್ಟೆ ಎತ್ತಿಟ್ಟಳು. ಅದನ್ನು ನಾಳೆ ನೋಡುತ್ತೇವೆ.